ಮಾವನ ಮನೆಯ ಕಂಬಕ್ಕೆ ನಾನು ಕೊಟ್ಟ ಊರುಗೋಲು

ನಂದಿದುರ್ಗದ ಚಿನ್ನದ ಗಣಿಯಲ್ಲಿ ನನ್ನ ಕೆಲಸ ಸುರಂಗದ ಚಾವಣಿಗೆ ಮರದ ದಿಮ್ಮಿ ಕೊಡುವುದು. ಮೊದಲು ಬಂಡೆಯನ್ನು ಹಾರೆಯಿಂದ ತಟ್ಟುತ್ತೇವೆ. ಠಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಬಿಟ್ಟುಕೊಂಡಿದೆ. ಕೂಡಲೇ ಕೆಳಗೆ ದಿಮ್ಮಿ ನಿಲ್ಲಿಸಿ ಬೆಣೆ ಹೊಡೆಯಬೇಕು. ಈ ವಿದ್ಯೆ ನನ್ನ ಪ್ರಾಣ ಉಳಿಸಿದೆ. ನೆಲದ ಮೇಲೂ ಅದು ನಡೆಯುತ್ತದೆ ಎಂದು ನಂಬಿದ್ದೆ.

ನಯಾಪೈಸೆ ಬಂದ ಹೊಸತು. ಬಂಗಾರಪೇಟೆಯಲ್ಲಿ ನನ್ನ ಹೆಂಡತಿಯ ತಂಗಿ ಸರಸಳನ್ನು ನೋಡಲು ಕಾಮಸಮುದ್ರದಿಂದ ಗಂಡಿನವರು ಬರುವವರಿದ್ದರು. ಅದಕ್ಕೆ ಮೊದಲು ಎರಡು ಸಂಬಂಧ ಕೈತಪ್ಪಿದ್ದವು. ಈ ಸಲ ಏನೂ ಕೆಡಬಾರದೆಂದು ಮಾವನವರು ಹರಕೆ ಹೊತ್ತಿದ್ದರು. ಮನೆಯ ಕೆಳಗೆಲ್ಲ ರಾಗಿ ಮೂಟೆ. ಬಂದವರನ್ನು ಮಹಡಿಯ ಮೊಗಸಾಲೆಯಲ್ಲೇ ಕೂರಿಸಬೇಕು. ಬೀದಿಯ ಕಡೆ ಚಾಚಿದ ಆ ಮೊಗಸಾಲೆಯ ತೊಲೆಯನ್ನು ಎರಕದ ಕಬ್ಬಿಣದ ಒಂದೇ ಒಂದು ಕಂಬ ಹೊತ್ತಿತ್ತು. ಮಾವನವರ ತಾತನ ಕಾಲದ್ದು. ಮೈತುಂಬಾ ಬಳ್ಳಿ, ತಲೆಯ ಮೇಲೆ ಎಲೆಗೊಂಚಲು.

"ಅಳಿಯಂದ್ರೇ, ಇದು ತಡೀತದಾ?" ಎಂದು ಮಾವನವರು ಸುಮ್ಮನೆ ಕೇಳಿದರು.

ಸುಮ್ಮನೆ ಕೇಳಿದ್ದು! ನಾನು ಸುತ್ತಿಗೆ ತಂದೆ. ನಡುವಿಗೆ ತಟ್ಟಿದೆ. ಡಬ್. ಬುಡಕ್ಕೆ ತಟ್ಟಿದೆ. ಇನ್ನೂ ದೊಡ್ಡ ಡಬ್.

"ಮಾವ, ಒಳಗೆಲ್ಲಾ ಓಗ್ಬುಟ್ಟೈತೆ," ಎಂದೆ.

ಹೆಂಗಸರಿಗೆ ಹೇಳಿದರೆ ಹೆದರುತ್ತಾರೆ, ಹೇಳುವುದು ಬೇಡ ಎಂದು ನಾವಿಬ್ಬರು ಹೆದರಿದ ಗಂಡಸರು ತೀರ್ಮಾನಿಸಿದೆವು. ಸೌದೆ ಡಿಪೋದಿಂದ ಎರಡು ದಿಮ್ಮಿ ತರಿಸಿ ಕಂಬದ ಎರಡೂ ಬದಿಗೆ ನಿಲ್ಲಿಸಿ, ಬುಡಕ್ಕೆ ಬೆಣೆ ಸೇರಿಸಿದೆ. ಕೇಳಿದವರಿಗೆ ಬಾಳೆಕಂದು ಕಟ್ಟಲು ಎಂದೆ.

ಗಂಡಿನವರು ಬಂದು ಮೇಲೆ ಕೂತರು. ಉಪ್ಪಿಟ್ಟು ಹೋಯಿತು. ಯಾರೋ ಎದ್ದು ಓಡಾಡಿದರು, ಹಲಗೆ ಕಿರ್ ಎಂದಿತು. ಧೈರ್ಯಕ್ಕಿರಲಿ ಎಂದು ಬೆಣೆಗೆ ಇನ್ನೊಂದು ಏಟು ಕೊಟ್ಟೆ. ತಲೆಯೆತ್ತಿ ನೋಡಿದರೆ ಕಂಬದ ತಲೆಗೂ ತೊಲೆಗೂ ನಡುವೆ ಕೂದಲೆಳೆಯಷ್ಟು ಬೆಳಕು. ಕಂಬ ಕುಸಿಯುತ್ತಿದೆ! ಮತ್ತೆ ಹೊಡೆದೆ. ಬೆಳಕು ಅಕ್ಕಿಕಾಳಿನಷ್ಟಾಯಿತು. ಎಷ್ಟು ಹೊಡೆದರೆ ಅಷ್ಟು ಕುಸಿಯುತ್ತಿದೆ. ಇಷ್ಟು ಹಟಮಾರಿ ಕಂಬವನ್ನು ನಾನು ಕಂಡಿರಲಿಲ್ಲ. ಎರಡೂ ಕೈಯಿಂದ ಬಾರಿಸಿದೆ. ಮೊಗಸಾಲೆಯ ಸೂರಿನ ಗಾರೆ ಪಟಪಟನೆ ಉದುರಿ ಗಂಡಿನ ತಂದೆಯ ಕಾಫಿಗೆ ಬಿತ್ತಂತೆ.

"ಎಲ್ರೂ ಕೆಳಕ್ಕಿಳೀರಿ!" ಎಂದು ಕೂಗಿದೆ.

ಮೊದಲು ಇಳಿದವನು ಮದುವೆ ಗಂಡು. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಾಗೇ ಇತ್ತು. ಕೊನೆಗೆ ಇಳಿದವಳು ಸರಸ, ಗಂಡಿನ ಅಜ್ಜಿಯನ್ನು ಸೊಂಟಕ್ಕೆ ಕೈಕೊಟ್ಟು ಹಿಡಿದುಕೊಂಡು.

ಹೆಂಡತಿ ಅಡಿಗೆಮನೆಯಿಂದ ಸೌಟಿನ ಸಮೇತ ಬಂದಳು. ಕಂಬ ಟೊಳ್ಳಾಗಿದೆ ಎಂದು ತಡವರಿಸಿದೆ.

"ಟೊಳ್ಳಲ್ದೆ ಇನ್ನೇನ್ರೀ? ಕೊಳವೆ ಅದು. ಮೊಗಸಾಲೆ ಮಳೆನೀರು ಅದ್ರೊಳಗೇ ಇಳಿಯೋದು. ಚಿಕ್ಕೋರಿದ್ದಾಗ ನಾನೂ ಸರಸಾನೂ ಮೇಲಿನ ತೂತಿಗೆ ಹುಣಿಸೇಬೀಜ ಹಾಕಿ, ಕೆಳಗೆ ಮೋರೀಲಿ ಎತ್ಕೊತಿದ್ವಿ. ನನ್ನ ಒಂದ್ ಮಾತು ಕೇಳಬಾರ್ದಿತ್ತಾ?"

ಕಂಬದ ಬುಡ ನೋಡಿದೆ. ಚಪ್ಪಡಿಯಿಂದ ಒಂದು ಎಳೆಯೂ ಕದಲಿರಲಿಲ್ಲ. ಕಂಬ ಕುಸಿದಿರಲಿಲ್ಲ. ನಾನೇ ಮನೆಯನ್ನು ಎತ್ತುತ್ತಿದ್ದೆ!

ಬೆಣೆಗಳನ್ನು ಒಂದೊಂದಾಗಿ ಸಡಿಲಿಸಿದೆ. ತೊಲೆ ನಿಧಾನಕ್ಕೆ ಇಳಿದು, ಕಂಬದ ತಲೆಯ ಮೇಲೆ ಠಪ್ಪನೆ ಕೂತಿತು.

ಮಾವನವರು ಗೋಡೆಗೊರಗಿ ನಿಂತಿದ್ದರು. ಮೂರನೆಯ ಸಂಬಂಧವೂ ಬೀದಿಯಲ್ಲಿ ನಿಂತು ಗಾರೆ ಕೊಡವಿಕೊಳ್ಳುತ್ತಿತ್ತು. ಆಗ ಅಜ್ಜಿ ಮೊಮ್ಮಗನ ತಟ್ಟೆಯ ಕಡೆ ನೋಡಿದಳು.

"ಉಪ್ಪಿಟ್ಟು ಬಿಡ್ಲಿಲ್ಲ, ನನ್ನ ಬಿಟ್ಟು ಓಡ್ದೆ ಅಲ್ಲೇನ್ಲಾ? ನಮ್ಮನೇಗೆ ಈ ಹುಡ್ಗೀನೇ ಬೇಕು. ಇವ್ಳಿಲ್ದಿದ್ರೆ ನಾಳೆ ನಿಂಗೆ ವಯಸ್ಸಾದಾಗ ನಿನ್ನ ಯಾರು ಇಳಿಸ್ತಾರೆ?"

ಹುಡುಗ ತಲೆ ತಗ್ಗಿಸಿ ನಕ್ಕ. ಸರಸಳೂ ನಕ್ಕಳು. ಮಾವನವರು ಅಲ್ಲೇ ರಾಗಿ ಮೂಟೆಯ ಮೇಲೆ ಕುಸಿದು ಕೂತರು. ಆ ದಿನ ಕುಸಿದದ್ದು ಅವರೊಬ್ಬರೇ.

ಮದುವೆಯಲ್ಲಿ ನನಗೆ ಯಾವ ಕೆಲಸವನ್ನೂ ಕೊಡಲಿಲ್ಲ. ಚಪ್ಪರದ ಕೆಳಗೆ ಊಟಕ್ಕೆ ಕೂತಾಗ ಪಕ್ಕದ ಬಿದಿರು ಗಳವನ್ನು ಅಭ್ಯಾಸಬಲದಿಂದ ಬೆರಳಲ್ಲಿ ತಟ್ಟಿದೆ. ಡಬ್ ಎಂದಿತು. ಎದುರು ಸಾಲಿನಿಂದ ಹೆಂಡತಿ ನೋಡುತ್ತಿದ್ದಳು.

ಕೈ ಹಿಂತೆಗೆದುಕೊಂಡು, ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.