ಒನಕೆ ನಂಗೆ ಕೊಡಿ

ನಾನು ಸುಮ್ನೆ ನೋಡ್ಕೊಂಡ್ ಬರೋಣ ಅಂತ ಎಲ್ಲಿಗೆ ಹೋದ್ರೂ, ವಾಪಸ್ ಬರೋಷ್ಟರಲ್ಲಿ ಅಲ್ಲಿ ಯಾವುದಾದ್ರೂ ಒಂದು ಕೆಲಸಕ್ಕೆ ಸಿಕ್ಕಾಕ್ಕೊಂಡಿರ್ತೀನಿ. ಎಲ್.ಎ.ಯ ಗರಿಫುನಾ ಕ್ಲಾಸ್‌ಗೆ ಸಿಕ್ಕಾಕ್ಕೊಂಡಿದ್ದೂ ಹಾಗೇನೇ.

೧

ಸೊರೆಂಟೊ ವ್ಯಾಲಿಯ ಆಫೀಸಲ್ಲಿ ನನ್ನ ಪಕ್ಕದ ಸೀಟಿನ ಹುಡುಗಿ ಗರಿಫುನಾ. ಹಾಗಂದ್ರೇನು ಅಂತ ಕೇಳ್ದೆ, ಅಷ್ಟೇ. ಆಫ್ರಿಕಾದವರೂ ಕೆರಿಬಿಯನ್ ದ್ವೀಪದ ಮೂಲನಿವಾಸಿಗಳೂ ಬೆರೆತು ಆದ ಜನ ಅಂತೆ, ಬ್ರಿಟಿಷರು ದ್ವೀಪದಿಂದ ಓಡಿಸಿದ್ಮೇಲೆ ಬೆಲೀಜ್, ಹೊಂಡುರಾಸ್ ಕರಾವಳೀಲಿ ಊರು ಕಟ್ಕೊಂಡ್ರಂತೆ, ಅವರಿಗೇ ಅಂತ ಒಂದು ಭಾಷೆ ಇದ್ಯಂತೆ. ಇವಳಿಗೆ ಮಾತ್ರ ಬರಲ್ಲ! ಇವಳ ಅಜ್ಜಿ ಶನಿವಾರ ಶನಿವಾರ ಎಲ್.ಎ.ಲಿ ಕ್ಲಾಸ್ ತಗೋತಾರಂತೆ. ನಾನೂ ಬರ್ಲಾ ಅಂದೆ.

ಆಗಿನ್ನೂ ಫೋನಲ್ಲಿ ಮ್ಯಾಪ್ ಇರ್ಲಿಲ್ಲ. ಪ್ರಿಂಟ್ ತಗೊಂಡು, ಎರಡು ಎಕ್ಸಿಟ್ ತಪ್ಪಿಸ್ಕೊಂಡು, ಅರ್ಧ ಗಂಟೆ ಲೇಟಾಗಿ ಹೋದ್ರೆ ಎಲ್ಲರೂ ನನಗೇ ಕಾಯ್ತಿದ್ರು. ಹತ್ತು ಜನ ಇಲ್ದಿದ್ರೆ ಆ ಹಾಲ್ ಏರೋಬಿಕ್ಸ್‌ನೋರಿಗೆ ಹೋಗುತ್ತಂತೆ. ಅವರು ಒಂಬತ್ತು ಜನ ಇದ್ರು. ನಾನು ಗರಿಫುನಾ ಅಲ್ಲ, ಇಂಡಿಯಾದವಳು, ಪರವಾಗಿಲ್ವಾ ಅಂತ ಟೀಚರಮ್ಮನ್ನ, ಅಂದ್ರೆ ಅವಳ ಅಜ್ಜೀನ, ಕೇಳ್ದೆ.

"ಉಸಿರಾಡ್ತೀಯಾ?" ಅಂದ್ರು.

ಹೂಂ ಅಂದೆ.

"ಹಾಗಾದ್ರೆ ಹತ್ತು. ಕೂತ್ಕೋ."

೨

ಟೀಚರಮ್ಮನ ತಮ್ಮ ಡ್ರಮ್ ಕಲಿಸ್ತಿದ್ರು. ನಾನು ಕೈ ಹಾಕೋಕೆ ಹೋದ್ರೆ ಬೇಡ, ಮೊದಲು ಕುಣಿ ಅಂದ್ರು. ಅವರಲ್ಲಿ ಒಂದು ಕುಣಿತ ಇದೆ, ಅದರಲ್ಲಿ ಡ್ರಮ್ಮಿಗೆ ಕುಣಿಯೋದಲ್ಲ, ಕುಣಿಯೋರ ಕಾಲು ನೋಡ್ಕೊಂಡು ಡ್ರಮ್ ಹೊಡೀಬೇಕು. ಎಷ್ಟು ಚೆನ್ನಾಗಿದೆ ಅಲ್ವಾ! ಚೆನ್ನಾಗಿತ್ತು, ನಾನು ಎಡವೋವರೆಗೂ. ನಾನು ಎಡವಿದ್ರೆ ಡ್ರಮ್ಮೂ ಎಡವ್ತು. ಜಾರ್ತಿದ್ದ ಪ್ಯಾಂಟ್ ಎಳ್ಕೊಂಡೆ, ಅದಕ್ಕೊಂದು ಧಡ್. ನಾಚಿಕೆಯಿಂದ ಮೆತ್ತಗೆ ಬಾಗಿಲ ಕಡೆ ನಡೆದೆ. ಬಾಗಿಲವರೆಗೂ ಬಾರಿಸಿ ಕಳಿಸಿದ್ರು.

೩

ಕ್ಲಾಸ್ ಮುಗಿದ್ಮೇಲೆ ಊಟ, ಹುದುತ್ ಅಂತ. ಬಾಳೆಕಾಯಿ ಬೇಯಿಸಿ, ಸೊಂಟದೆತ್ತರದ ಮರದ ಒರಳಲ್ಲಿ ನಿಂತ್ಕೊಂಡು ಒನಕೇಲಿ ಕುಟ್ಟಿ ಮುದ್ದೆ ಮಾಡ್ತಾರೆ. ಜೊತೆಗೆ ತೆಂಗಿನ ಹಾಲಲ್ಲಿ ಮಾಡಿದ ಮೀನಿನ ಸಾರು. ಮಕ್ಕಳು ಏನು ಕೇಳಿದ್ರೂ ಇಂಗ್ಲಿಷಲ್ಲೇ ಉತ್ತರ ಕೊಡ್ತಾವೆ ಅಂತ ಟೀಚರಮ್ಮ ಒಂದು ರೂಲ್ ಮಾಡಿದ್ರು: ಇಂಗ್ಲಿಷ್ ಮಾತಾಡಿದವರು ಕುಟ್ಟಬೇಕು. ಮಕ್ಕಳಿಗೆ ಕುಟ್ಟೋದು ಹಬ್ಬ! ಯಾವಾಗ್ಲೂ ಸುಮ್ಮನಿರ್ತಿದ್ದ ಹುಡುಗೀನೂ ಅವತ್ತು ಕ್ಯೂನಲ್ಲಿ ನಿಂತ್ಕೊಂಡು ಇಂಗ್ಲಿಷಲ್ಲಿ ವಟವಟ ಅಂದಳು.

ಟೀಚರಮ್ಮ ರೂಲ್ ಉಲ್ಟಾ ಮಾಡಿದ್ರು. ಗರಿಫುನಾದಲ್ಲಿ ಮಾತಾಡಿದವರಿಗೆ ಮಾತ್ರ ಒನಕೆ. ಮುಂದಿನ ವಾರ ಎಲ್ಲ ಮಕ್ಕಳಿಗೂ ಗರಿಫುನಾ ಬರ್ತಿತ್ತು. "ಒನಕೆ ನಂಗೆ ಕೊಡಿ." ಅದೊಂದೇ ವಾಕ್ಯ, ಒಂದಕ್ಷರ ಹೆಚ್ಚಿಲ್ಲ.

೪

ಇದು ಹಾಲ್ ಮ್ಯಾನೇಜರಮ್ಮನ ಕಿವಿಗೆ ಬಿತ್ತು. ಇದು ಭಾಷೆ ಕ್ಲಾಸೋ ಅಡುಗೆ ಕ್ಲಾಸೋ, ಶನಿವಾರ ಬಂದು ನೋಡ್ತೀನಿ, ಯಾರೂ ಗರಿಫುನಾ ಮಾತಾಡ್ತಿಲ್ಲ ಅಂದ್ರೆ ಹಾಲ್ ಏರೋಬಿಕ್ಸ್‌ಗೆ ಅಂತ ನೋಟಿಸ್ ಅಂಟಿಸಿದ್ರು. ನಮ್ಮಲ್ಲಿ ಸರಾಗವಾಗಿ ಮಾತಾಡೋರು ಇಬ್ಬರೇ, ಟೀಚರಮ್ಮ ಮತ್ತೆ ಅವರ ತಮ್ಮ. ತಮ್ಮ ಆ ವಾರ ಬೆಲೀಜ್‌ಗೆ ಹೋಗಿದ್ರು. ಟೀಚರಮ್ಮ ಒಬ್ಬರೇ ಯಾರ ಹತ್ರ ಮಾತಾಡ್ಬೇಕು?

ಅದೇ ಶನಿವಾರ ನನ್ನ ಜೊತೆ ಧಾರವಾಡದ ಅಜ್ಜಿ ಇದ್ರು. ಫೋರ್ ಎಸ್ ರ್ಯಾಂಚ್‌ನಲ್ಲಿ ನಾನು ರೂಮ್ ತಗೊಂಡಿದ್ದ ಮನೆಯ ಆಂಟಿಯ ಅತ್ತೆ. ಮನೇಲಿ ಕೂತು ಬೇಜಾರಾಗಿದೆ ಅಂದ್ರು, ಕಾರಲ್ಲಿ ಹತ್ತಿಸ್ಕೊಂಡು ಬಂದಿದ್ದೆ. ಮೀನಿನ ಪಾತ್ರೆಗೆ ಬೆನ್ನು ಹಾಕಿ ಕೂತೋರು, ಮಕ್ಕಳು ಕುಟ್ಟೋದನ್ನ ಎರಡು ನಿಮಿಷ ನೋಡಿದ್ರು. ಮೂರನೇ ನಿಮಿಷಕ್ಕೆ ಸೆರಗು ಸಿಗಿಸ್ಕೊಂಡು ಎದ್ರು.

"ಅಯ್ಯ, ಹಿಂಗ ಕುಟ್ಟಿದ್ರ ಸಂಜಿ ಆಗ್ತದ. ಕೊಡಿಲ್ಲೆ."

ಟೀಚರಮ್ಮನಿಗೆ ಇದು ಸರಿ ಬರ್ಲಿಲ್ಲ. ಅವರೂ ಒಂದು ಒನಕೆ ಹಿಡಿದು, ಹಾಗಲ್ಲ ಹೀಗೆ ಅಂತ ಗರಿಫುನಾದಲ್ಲಿ ಶುರು ಮಾಡಿದ್ರು. ಇವರು ಧಾರವಾಡದ ಕನ್ನಡದಲ್ಲಿ. ಒಬ್ಬರಾದ್ಮೇಲೆ ಒಬ್ಬರು ಏಟು, ಒಬ್ಬರಾದ್ಮೇಲೆ ಒಬ್ಬರು ಮಾತು. ಆಮೇಲೆ ಜಗಳ ಹೋಗಿ ಮನೆ ಸುದ್ದಿ ಆಯ್ತು. ಇವರು ಹಣೆ ಚಚ್ಕೊಂಡ್ರು, ಅವರು ಹೌದೌದು ಅಂತ ತಲೆ ಆಡಿಸಿದ್ರು. ಮ್ಯಾನೇಜರಮ್ಮ ಬಾಗಿಲಲ್ಲಿ ನಿಂತು ಹದಿನೈದು ನಿಮಿಷ ಕೇಳಿಸ್ಕೊಂಡಿದ್ದು ಇಬ್ಬರಿಗೂ ಗೊತ್ತೇ ಇಲ್ಲ. ನಾನು ಹೋಗಿ ನಿಜ ಹೇಳೋಷ್ಟರಲ್ಲಿ ಇನ್ನೊಂದು ವರ್ಷಕ್ಕೆ ಸಹಿ ಬಿದ್ದಾಗಿತ್ತು. ಕೆಳಗೆ ಬರೆದಿದ್ರು: ಹಿರಿಯರಿಬ್ಬರಿಗೂ ಭಾಷೆ ಸೊಗಸಾಗಿ ಬರುತ್ತೆ, ಅದರಲ್ಲೂ ಸೀರೆ ಉಟ್ಟವರ ಉಚ್ಚಾರಣೆ ಹೆಚ್ಚು ಶುದ್ಧ.

ವಾಪಸ್ ಬರ್ತಾ ಕಾರಲ್ಲಿ ಕೇಳ್ದೆ, ಅಜ್ಜಿ, ಅವರು ಹೇಳಿದ್ದು ನಿಮಗೇನಾದ್ರೂ ಅರ್ಥ ಆಯ್ತಾ ಅಂತ.

"ಆಗದ ಏನು? ಎಲ್ಲಾ ತಿಳೀತು," ಅಂದ್ರು. "ಪಾಪ, ಆಕೀ ಮೊಮ್ಮಕ್ಕಳೂ ಇಂಗ್ಲಿಷ್‌ನ್ಯಾಗ ಉತ್ತರಾ ಕೊಡ್ತಾವಂತ."