ಬಿಟ್ಟಿ ಬೇಸಿನ ಲೆಕ್ಕ

ಸಿಟ್ಟಿನಲ್ಲಿ ನೆನಪಿಟ್ಟುಕೊಂಡದ್ದನ್ನು ನಾನು ಪೂರ್ತಿ ನಂಬುವುದಿಲ್ಲ. ಸಿಟ್ಟು ತನಗೆ ಬೇಕಾದ್ದನ್ನಷ್ಟೇ ಉಳಿಸಿಕೊಳ್ಳುತ್ತದೆ. ಆದರೂ ಹೆಂಡತಿಯ ಅಣ್ಣ ಶೀನ ಭಾವನ ಮೇಲಿನ ಸಿಟ್ಟನ್ನು ಬಿಡುವ ಮನಸ್ಸು ನನಗಿಲ್ಲ.

ನಮ್ಮೂರು ಹೆಮ್ಮಾಡಿಗೆ ಕೋಳಿ ಸಾಕಣೆ ಕಲಿಸಲು ಬಂದ ಅಮೆರಿಕದ ಟಾಮ್, ಕೊಯ್ಲಾದ ಗದ್ದೆಯಲ್ಲಿ ನಮಗೆ ಬೇಸ್‌ಬಾಲನ್ನೂ ಕಲಿಸಿದ. ಮರಳು ತುಂಬಿದ ಗೋಣಿಚೀಲಗಳೇ ಬೇಸುಗಳು. ಚೆಂಡು ಹೊಡೆದು ಓಡಿ ಮೊದಲ ಬೇಸು ಮುಟ್ಟಬಹುದು. ಎಸೆಯುವವನು ನಾಲ್ಕು ಸಲ ಅಡ್ಡಾದಿಡ್ಡಿ ಎಸೆದರೆ, ಅಥವಾ ಚೆಂಡು ಮೈಗೆ ಬಡಿದರೆ, ನಡೆದುಕೊಂಡೇ ಹೋಗಬಹುದು. ಒಳ್ಳೆಯ ಚೆಂಡನ್ನು ಬಿಟ್ಟದ್ದು, ಬೀಸಿ ತಪ್ಪಿದ್ದು ಎಲ್ಲ ಸೇರಿ ಮೂರಾದರೆ ಔಟ್. ನನಗೆ ಹಿಡಿಸಿದ್ದು ನಡೆಯುವ ದಾರಿ. ಹತ್ತು ಸರದಿಯಲ್ಲಿ ಒಮ್ಮೆ ಹೊಡೆದೆ, ನಾಲ್ಕು ಸಲ ನಡೆದೆ. ಔಟಾಗದೆ ಬೇಸು ಮುಟ್ಟಿದ್ದನ್ನೆಲ್ಲ ಎಣಿಸಿದರೆ ನೂರಕ್ಕೆ ಐವತ್ತು, ತಂಡದಲ್ಲಿ ಯಾರಿಗೂ ಅಷ್ಟಿಲ್ಲ ಎಂದ ಟಾಮ್.

ನಮ್ಮವರಿಗೋ ಬಿಟ್ಟಿ ಬೇಸೆಂದರೆ ಕರೆಯದ ಊಟಕ್ಕೆ ಹೋದಷ್ಟು ನಾಚಿಕೆ. ಕೆಟ್ಟ ಚೆಂಡಿಗೂ ಬೀಸಿ ಔಟಾಗುತ್ತಿದ್ದರು, ಆಮೇಲೆ ಮೀಸೆ ತಿರುವುತ್ತಿದ್ದರು. ನಾಯಕ ಶೀನ ಭಾವ ಹೊಡೆತಗಳನ್ನಷ್ಟೇ ಎಣಿಸಿ, ಬೈಂದೂರಿನವರ ಮೇಲಿನ ಪಂದ್ಯದಿಂದ ನನ್ನನ್ನು ಕೈಬಿಟ್ಟ. ಬಿ.ಎ. ಓದಿದ ನಾನು ಲೆಕ್ಕ ಬಿಡಿಸಿ ಹೇಳಿದರೆ ಅವನ ಉತ್ತರವೇನು?

"ಹ್ವಾಯ್ ಭಾವ, ದಾಂಡ್ ಇಪ್ಪುದ್ ಹೊಡುಕೆ, ಹೆಗಲ್ ಮೇಲ್ ಹೊರುಕಲ್ಲ."

ಮನೆಗೆ ಬಂದು ಕೂಗಾಡಿದೆ. ಹೆಂಡತಿ ಮೀನು ಹೆಚ್ಚುತ್ತಲೇ ಅಂದಳು: "ಅಣ್ಣ ಹೇಳದ್ರಂಗೆ ತಪ್ಪೆಂತ ಇತ್? ಮನಿಯಂಗೂ ನೀವ್ ಹಾಂಗೇ. ಎಂತ ಮಾಡ್ದೇ ನಿಂತ್ರೂ ಊಟದ್ ಹೊತ್ತಿಗೆ ಎಲಿ ಮುಂದ್ ಇರ್ತ್ರಿ."

ಅಂದಿನ ಮೀನಿನ ಸಾರಿನ ರುಚಿ ನನಗೆ ನೆನಪಿಲ್ಲ. ಎರಡು ಸಲ ಬಡಿಸಿಕೊಂಡೆ ಎಂದು ಅವಳು ಹೇಳುತ್ತಾಳೆ.

ಪಂದ್ಯದ ದಿನ ಒಬ್ಬನ ಕಾಲು ಉಳುಕಿ, ಕೊನೆಯ ಸರದಿಗೆ ನನ್ನನ್ನೇ ಕರೆಯಬೇಕಾಯಿತು. ಎರಡೂ ಕಡೆ ಸಮ. ಮೂರು ಬೇಸಿನಲ್ಲೂ ನಮ್ಮವರು. ನಾನು ನಡೆದರೆ ಎಲ್ಲರೂ ಒಂದೊಂದು ಬೇಸು ಮುಂದೆ ಸರಿದು, ಮೂರನೆಯ ಬೇಸಿನವನು ಸುತ್ತು ಮುಗಿಸಿ ನಮಗೆ ಗೆಲುವು. ಎರಡು ಒಳ್ಳೆಯ ಚೆಂಡು ಬಿಟ್ಟಿದ್ದೆ, ಮೂರು ಕೆಟ್ಟವೂ ಬಂದಿದ್ದವು. ಇನ್ನೊಂದು ಕೆಟ್ಟದ್ದು ಬಂದರೆ ನನ್ನ ಲೆಕ್ಕ ಊರಿಗೇ ಅರ್ಥವಾಗುತ್ತಿತ್ತು.

"ಭಾವ, ನಿದ್ರಿ ಬಂತಾ?" ಹಿಂದಿನಿಂದ ಶೀನ ಭಾವನ ದನಿ.

ಮೈಯೆಲ್ಲ ಉರಿಯಿತು. ಚೆಂಡು ಬಂತು. ಜೀವಮಾನದಲ್ಲಿ ಬೀಸದಷ್ಟು ಜೋರಾಗಿ ಬೀಸಿದೆ. ದಾಂಡಿಗೆ ಗಾಳಿ ಮಾತ್ರ ಸಿಕ್ಕಿತು. ನಾನು ಔಟಾದೆ, ಸಮ ಮುರಿಯಲು ಆಡಿದ ಇನ್ನೊಂದು ಸುತ್ತಿನಲ್ಲಿ ಬೈಂದೂರಿನವರು ಗೆದ್ದರು.

ಅದು ಒಳ್ಳೆಯ ಚೆಂಡೇ ಆಗಿತ್ತೆಂದು ನನ್ನ ನೆನಪು. ಅಡ್ಡಾದಿಡ್ಡಿ ಹೋದ ಅದನ್ನು ಪಕ್ಕದ ಗದ್ದೆಯಿಂದ ಹೆಕ್ಕಿ ತಂದೆವೆಂದು ಉಳಿದವರ ನೆನಪು. ಒಂದು ಮಾತ್ರ ನಿಜ: ಮನೆಗೆ ಬರುವಾಗ ಶೀನ ಭಾವ ನನ್ನ ಹೆಗಲ ಮೇಲೆ ಕೈ ಹಾಕಿ, "ಇವತ್ತ್ ಆಡ್ದ್ರಿ ಕಾಣಿ" ಎಂದ. ನಮ್ಮ ತಂಡವನ್ನೇ ಸೋಲಿಸಿ ಬಂದವನಿಗೆ ಸಿಕ್ಕ ಈ ಹೊಗಳಿಕೆಗೆ ನಾನು ಕೆರಳಬೇಕಿತ್ತು. ಮೀಸೆ ತಿರುವಿಕೊಂಡೆ.