ಸುಲಭದ್ದು ಮೊದಲು

ಸುಲಭದ್ದನ್ನೆಲ್ಲ ಮೊದಲು ಮುಗಿಸಿಬಿಟ್ಟರೆ ಕಷ್ಟದ್ದು ತಾನಾಗಿ ಹೆದರಿ ದಾರಿ ಬಿಡುತ್ತದೆ ಎಂಬ ಮಹಾಸಿದ್ಧಾಂತವನ್ನು ಕಂಡುಹಿಡಿದವಳು ನಾನೇ. ಬೇರೆ ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ (ಪ್ರಯತ್ನಿಸಿ ನೋಡಿದೆ).

ನಮ್ಮ ಸ್ಟಾಕ್ಟನ್ನಿನಲ್ಲಿ ನೇರವಾಗಿ ವಿಶ್ವವಿದ್ಯಾಲಯ ಸೇರುವ ಶಕ್ತಿಯಿಲ್ಲದವರು ಮೊದಲೆರಡು ವರ್ಷ ಊರಿನ ಕಮ್ಯೂನಿಟಿ ಕಾಲೇಜಿನಲ್ಲಿ ಓದಿ, ಆಮೇಲೆ ಅಲ್ಲಿಗೆ ದಾಟಿಕೊಳ್ಳುತ್ತಾರೆ. ನಾನೂ ಹಾಗೇ ಕಂಪ್ಯೂಟರ್ ಸೈನ್ಸಿಗೆ ದಾಟುವವಳು. ಆದರೆ ಆರು ತಿಂಗಳ ಅವಧಿಗೆ ನಾಲ್ಕು ವಿಷಯ ಓದುವವರ ಮಕ್ಕಳಿಗೆ ಮಾತ್ರ ಕಾಲೇಜಿನ ಶಿಶುವಿಹಾರದಲ್ಲಿ ಜಾಗ. ಆ ಜಾಗ ಹೋದರೆ ನನ್ನ ಮಗಳು ತಾಲಾಳನ್ನು ನೋಡಿಕೊಳ್ಳುವವರಿಲ್ಲ, ನನ್ನ ಓದೂ ಇಲ್ಲ. ಅತ್ತೆಯವರಿಗೆ ವೃದ್ಧಾಶ್ರಮದಲ್ಲಿ ಕೆಲಸ. "ಊರವರ ಅಮ್ಮಂದಿರನ್ನ ನೋಡ್ಕೊಂಡೇ ನನಗೆ ಸಾಕಾಗಿದೆ, ನಿನ್ನ ಮಗೂನ ನೀನು ನೋಡ್ಕೋ" ಎಂದು ಅವರು ಮೊದಲೇ ಕೈ ತೊಳೆದುಕೊಂಡಿದ್ದರು.

ಹಾಗಾಗಿ ಇತಿಹಾಸ, ಭಾಷಣಕಲೆ, ಸಾಗರವಿಜ್ಞಾನ, ಸಂಗೀತ ಪರಿಚಯ ಎಂದು ಒಂದೂವರೆ ವರ್ಷದಲ್ಲಿ ಹನ್ನೆರಡು ವಿಷಯ ನುಂಗಿದೆ. ಗಣಿತ ಎಂದರೆ ನನಗೆ ಹುಟ್ಟುಭಯ. ಅದಕ್ಕೂ ಉಪಾಯವಿತ್ತು: ಉಗ್ರಾಣದಲ್ಲಿ ಪೆಟ್ಟಿಗೆ ಎತ್ತುವ ನನ್ನ ಗಂಡ ರೊಡೆಲ್‌ನನ್ನು ಸಂಜೆಯ ಗಣಿತ, ಪ್ರೋಗ್ರಾಮಿಂಗ್ ತರಗತಿಗಳಿಗೆ ಅಟ್ಟಿದೆ. ಮುಂಚೆಯೇ ಕಲಿತುಕೊಂಡು ನನ್ನ ಸರದಿ ಬಂದಾಗ ಹೇಳಿಕೊಡಲಿ ಎಂದು. ಅವನು ಒಣಮೀನು, ಬೆಳ್ಳುಳ್ಳಿ ಅನ್ನ ಕಟ್ಟಿಕೊಂಡು ಹೋಗಿ ಅವಧಿಗೆ ಎರಡರಂತೆ ಪಾಸಾಗುತ್ತ ಬಂದ. ಒಮ್ಮೆ, ನೀನೂ ಒಂದು ಗಣಿತ ಶುರುಮಾಡಬಾರದೇ ಎಂದಿದ್ದ. ಈ ಮನೆಯಲ್ಲಿ ಯೋಜನೆ ಹಾಕುವ ತಲೆ ಯಾರದೆಂದು ನೆನಪಿಸಿದ್ದೆ.

ಕಳೆದ ತಿಂಗಳು ಇಬ್ಬರೂ ಕಾಲೇಜಿನ ಸಲಹೆಗಾರ್ತಿಯ ಮುಂದೆ ಕೂತೆವು. ಅವರು ನನ್ನ ಅಂಕಪಟ್ಟಿಯನ್ನು ಡಾಕ್ಟರು ಎಕ್ಸ್‌ರೇ ನೋಡುವಂತೆ ನೋಡಿದರು.

"ಸಾಗರವಿಜ್ಞಾನದಲ್ಲಿ ಒಳ್ಳೇ ಅಂಕ ಬಂದಿದೆ" ಎಂದರು. ಕೆಟ್ಟ ಸುದ್ದಿ ಇದೆಯೆಂದು ನನಗೆ ಆಗಲೇ ಗೊತ್ತಾಯಿತು.

ಗಣಿತ ನಾಲ್ಕಿವೆಯಂತೆ, ಒಂದು ಮುಗಿಯದೆ ಇನ್ನೊಂದಕ್ಕೆ ಸೇರಿಸುವುದಿಲ್ಲವಂತೆ. ಪ್ರೋಗ್ರಾಮಿಂಗೂ ಹಾಗೇ. ಅಂದರೆ ಇನ್ನೂ ಎರಡು ವರ್ಷ, ಅವಧಿಗೆ ಎರಡೇ ವಿಷಯ. ನಾಲ್ಕರ ಲೆಕ್ಕ ತುಂಬಿಸಲು ಸುಲಭದ್ದು ಒಂದೂ ಉಳಿದಿಲ್ಲ, ಎಲ್ಲವನ್ನೂ ನಾನೇ ಮುಗಿಸಿ ಕೂತಿದ್ದೆ.

"ಹಾಗಾದ್ರೆ ಮಗೂದು ಜಾಗ?"

"ಎರಡು ವಿಷಯಕ್ಕೆ ಕೊಡಲ್ಲ ಮೇಡಮ್." ಅವರು ರೊಡೆಲ್‌ನತ್ತ ತಿರುಗಿದರು. "ನಿಮ್ದು ಒಂದು ಗಣಿತ, ಒಂದು ಪ್ರೋಗ್ರಾಮಿಂಗ್ ಅಷ್ಟೇ ಬಾಕಿ. ಸುಲಭದ್ದನ್ನ ನಾಲ್ಕ್ ನಾಲ್ಕು ತಗೊಂಡು, ಬೇಸಿಗೇಲೂ ಓದಿದ್ರೆ ಒಂದೇ ವರ್ಷದಲ್ಲಿ ದಾಟ್ಕೋತೀರ. ಜಾಗ ನಿಮ್ಮ ಹೆಸರಿಗೆ ಬರತ್ತೆ."

ಮನೆ ಹತ್ತಿರವಾದಾಗ ರೊಡೆಲ್, "ಗಾಯಾ, ಸಾಗರವಿಜ್ಞಾನದ ನೋಟ್ಸ್ ಇಟ್ಕೊಂಡಿದೀಯಾ?" ಎಂದ. ಚುಚ್ಚಲು ಕೇಳಿದ್ದಲ್ಲ. ಅದಕ್ಕೇ ಹೆಚ್ಚು ಉರಿಯಿತು.

ಈಗ ಅವನು ಸಂಜೆಯ ಪಾಳಿಗೆ ಬದಲಿಸಿಕೊಂಡು ಹಗಲು ಓದುತ್ತಾನೆ. ನಾನು ತಾಲಾಳನ್ನು ಶಿಶುವಿಹಾರದಲ್ಲಿ ಬಿಟ್ಟು ಸಂಜೆ ಮೊದಲನೇ ಗಣಿತಕ್ಕೆ ಹೋಗುತ್ತೇನೆ. ನಿನ್ನೆ ತಾಲಾಳನ್ನು ಕರೆತರಲು ಹೋದರೆ, ಶಿಶುವಿಹಾರದ ಹೊಸ ಮೇಲ್ವಿಚಾರಕಿ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿದರು. ಇರಲಿಲ್ಲ. ನಾನು ಮಗುವಿನ ತಾಯಿ ಎಂದೆ.

"ಅದು ಸರಿಯಮ್ಮ, ವಿದ್ಯಾರ್ಥಿಗೆ ನೀವು ಏನಾಗ್ಬೇಕು?"

"ಹೆಂಡತಿ" ಎಂದೆ.

ಅವರು ಬರೆದುಕೊಂಡರು. ಮಗುವನ್ನು ಕೊಟ್ಟರು.